ಅಕ್ಕಿಕಾಳು ಬೀಳುವತನಕ

ಕಾಕಾನ ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾಗಿತ್ತು. ಎಡಗಣ್ಣಿನ ಸುತ್ತ ಒತ್ತೊತ್ತಾಗಿ ಸುಕ್ಕು, ರೆಪ್ಪೆ ಸದಾ ಅರ್ಧ ಇಳಿದದ್ದು. ನಲವತ್ತು ವರ್ಷ ಮದುವೆಯ ಫೋಟೋ ತೆಗೆದವರು. ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿದಾಗೆಲ್ಲ ಎಡಗಣ್ಣು ಮುಚ್ಚಿ ಮುಚ್ಚಿ, ಕೊನೆಗೆ ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ, ಏನನ್ನಾದರೂ ಲಕ್ಷ್ಯಗೊಟ್ಟು ನೋಡಿದರೆ ಸಾಕು, ಆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಸಂತೆಯಲ್ಲಿ ಹೀರೇಕಾಯಿ ಆರಿಸುವಾಗಲೂ ಹಾಗೆಯೇ ನೋಡುತ್ತಿದ್ದರು. ಗುರುತಿಲ್ಲದ ಹೆಣ್ಣುಮಕ್ಕಳು ಮುದುಕ ಕಣ್ಣು ಹೊಡೆಯುತ್ತಾನೆ ಎಂದು ಬೈದದ್ದೂ ಉಂಟು.

ಸದಲಗಾದಲ್ಲಿ ಅವರ ಸ್ಟುಡಿಯೋದ ಮೇಲಿನ ಮಾಳಿಗೆಯಲ್ಲಿ ನನ್ನ ಬ್ಯೂಟಿ ಪಾರ್ಲರ್ ಇತ್ತು. ಮದುಮಗಳನ್ನು ಸಿಂಗರಿಸುವುದರಲ್ಲಿ ನನ್ನನ್ನು ಮೀರಿಸುವವರು ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಯಾರೂ ಇಲ್ಲ ಎಂದು ನಾನೇ ನಂಬಿಕೊಂಡಿದ್ದ ಕಾಲ ಅದು. ಒಂದು ದಿನ ಕಬ್ಬೂರಿನ ಮದುವೆಯೊಂದರ ಆಲ್ಬಮ್ ನನ್ನ ಕೈಗೆ ಬಂತು. ನೋಡಿ ಮೈಯೆಲ್ಲ ಉರಿಯಿತು. ಎರಡು ತಾಸು ಕೂತು ನಾನು ತಿದ್ದಿ ತೀಡಿದ ಮುಖದಲ್ಲಿ ಮೂಗೊಂದೇ ಮುಂದೆ ಬಂದು ನಿಂತಿತ್ತು, ಕಿವಿಗಳು ಹಿಂದೆ ಓಡಿಹೋಗಿದ್ದವು. ಆಲ್ಬಮ್ಮಿನ ಹಿಂಬದಿಗೆ ಕೆಳಗಿನ ಸ್ಟುಡಿಯೋದ ಹೆಸರಿತ್ತು. ನಾನು ಮೆಟ್ಟಿಲು ಇಳಿದು ಹೋಗಿ ಅದನ್ನು ಕಾಕಾನ ಮೇಜಿನ ಮೇಲೆ ಒಗೆದೆ.

“ಏನ್ರಿ ಕಾಕಾ ಇದು? ನಾ ಎರಡ ತಾಸ ಕುಂತ ಮಾಡಿದ ಮುಖಾನ ನೀವು ಒಂದ ಮಿನಿಟಿನ್ಯಾಗ ಹಾಳ ಮಾಡೀರಲ್ಲ! ಮಂದಿ ನನ್ನ ಮೇಕಪ್ಪಿಗೆ ಹೆಸರ ಇಡಾಕತ್ತಾರ.”

ನಾನು ಸಾಕಷ್ಟು ಬೈದೆ. ಅವರು ನಡುವೆ ಬಾಯಿ ಹಾಕಲಿಲ್ಲ. ನನ್ನ ದಮ್ಮು ತೀರಿದ ಮೇಲೆ ಒಂದು ಲೋಟ ನೀರು ಮುಂದಿಟ್ಟು, “ಬೈದದ್ದ ಮುಗೀತೇನು ತಂಗಿ? ಹಂಗಾರ ಆ ಕುರ್ಚಿಮ್ಯಾಲ ಕುಂದ್ರು” ಎಂದರು.

ನನ್ನ ಮೂರು ಫೋಟೋ ತೆಗೆದರು. ಮೊದಲನೆಯದನ್ನು ಅಗಲದ ಲೆನ್ಸಿನಿಂದ, ಅವರ ಉಸಿರು ನನಗೆ ತಾಗುವಷ್ಟು ಹತ್ತಿರ ಬಂದು. ಎರಡನೆಯದನ್ನು ಐವತ್ತರ ಲೆನ್ಸಿನಿಂದ, ನಾಲ್ಕು ಹೆಜ್ಜೆ ಹಿಂದೆ ಸರಿದು. ಮೂರನೆಯದನ್ನು ಎಂಬತ್ತೈದರ ಲೆನ್ಸಿನಿಂದ, ಬಾಗಿಲ ಹತ್ತಿರ ನಿಂತು. ಮೂರರಲ್ಲೂ ಮುಖ ಒಂದೇ ಅಳತೆ. ಕಂಪ್ಯೂಟರಿನಲ್ಲಿ ಮೂರನ್ನೂ ಸಾಲಾಗಿ ಇಟ್ಟು ತೋರಿಸಿದರು. ಮೊದಲನೆಯದರಲ್ಲಿ ನಾನು ಹುಲ್ಲು ಮೂಸಲು ಬಂದ ಎಮ್ಮೆಯ ಕರುವಿನ ಹಾಗಿದ್ದೆ. ಮೂರನೆಯದರಲ್ಲಿ ನನ್ನ ಹಾಗೆಯೇ ಇದ್ದೆ, ನಿಜ ಹೇಳಬೇಕೆಂದರೆ ನನಗಿಂತ ತುಸು ಚೆಂದ.

“ಮೂಗಿನ ತಪ್ಪಲ್ಲ, ಮೇಕಪ್ಪಿನ ತಪ್ಪೂ ಅಲ್ಲ. ಫೋಟೋ ತಗದಂವ ಭಾಳ ಹತ್ರ ಹೋಗ್ಯಾನ. ಅಷ್ಟ ಹತ್ರ ಹ್ವಾದ್ರ ಯಾರ ಮುಖಾನೂ ಚಂದ ಕಾಣಂಗಿಲ್ಲ.”

“ತಗದಂವ ಅಂದ್ರ? ನೀವಲ್ಲೇನು?”

“ನಾ ಬರೇ ಪ್ರಿಂಟ್ ಮಾಡಿ ಕೊಟ್ಟೀನಿ. ನೀ ಮಾತಾಡಾಕ ಬಿಟ್ರ ಅಲ್ಲೇನ, ನಾ ಹೇಳೂದು?”

ನಾಚಿಕೆಯಿಂದ ನೆಲ ನೋಡಿದೆ. ಆದರೆ ಆ ಮೂರು ಫೋಟೋ ನನ್ನ ತಲೆಯಿಂದ ಹೋಗಲಿಲ್ಲ. ಮರುದಿನ ಮತ್ತೆ ಕೆಳಗಿಳಿದು ಹೋಗಿ, ನನಗೆ ಇದನ್ನು ಕಲಿಸಿ ಎಂದೆ. ನನ್ನ ವಯಸ್ಸು ಆಗ ಮೂವತ್ತನಾಲ್ಕು. ಕಾಕಾ ಎಡಗಣ್ಣು ಮುಚ್ಚಿ ನನ್ನನ್ನೇ ಒಂದಿಷ್ಟು ಹೊತ್ತು ನೋಡಿ, “ಸಿಟ್ಟ ಕಡಿಮಿ ಮಾಡ್ಕೊಂಡ ಬಾ” ಎಂದರು. ಸಿಟ್ಟು ಕಡಿಮೆಯಾಗಲಿಲ್ಲ, ಕಲಿಯುವುದು ಮಾತ್ರ ಶುರುವಾಯಿತು.

ಲೆನ್ಸುಗಳನ್ನು ಅವರು ನಂಬರಿನಿಂದ ಕರೆದದ್ದು ಕಡಿಮೆ. ಅಗಲದ ಲೆನ್ಸು ಅವರಿಗೆ ‘ಪಂಗತಿದ್ದು’. ಊಟಕ್ಕೆ ಕೂತ ಸಾಲಿಗೆ ಬಿಟ್ಟರೆ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಐವತ್ತರದು ‘ಮನಿ ಮಂದಿದು’. ಎದುರಿಗಿದ್ದವರ ಜೊತೆ ದನಿ ಏರಿಸದೆ ಮಾತಾಡಬಹುದಾದ ದೂರ ಅದರದು. ಎಂಬತ್ತೈದರದು ‘ತಾಯಿದು’. ಮಗಳನ್ನು ನೋಡುತ್ತ ನಿಂತ ತಾಯಿ, ಫೋಟೋದವರು ಇದ್ದಾರೆ ಎಂಬುದನ್ನೇ ಮರೆಯುವಷ್ಟು ದೂರ. ಕೊಲ್ಲಾಪುರದಿಂದ ಹೊಸ ಲೆನ್ಸು ತಂದು, ಇದು ಹೇಗಿದೆ ಎಂದು ಕೇಳಲು ಬರುವ ಹುಡುಗರಿಗೆ ಅವರ ಉತ್ತರ ಒಂದೇ: “ಲೆನ್ಸ್ ಆಮ್ಯಾಲ ಆರಿಸು. ಮೊದಲ ನಿಂದ್ರೂ ಜಾಗಾ ಆರಿಸು.”

ಕಾಕಾ ಜೈನರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವವರು, ಹಾಗಾಗಿ ರಾತ್ರಿಯ ರಿಸೆಪ್ಶನ್ನಿನ ಕೆಲಸ ಒಪ್ಪುತ್ತಿರಲಿಲ್ಲ. ಅವರ ಜೀವವೆಲ್ಲ ಇದ್ದದ್ದು ಅಕ್ಕಿಕಾಳಿನ ಹೊತ್ತಿನಲ್ಲಿ. ಮದುಮಕ್ಕಳ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಶುರುವಾಗುತ್ತದೆ. ಒಂದೊಂದು ಪದ್ಯ ಮುಗಿದು “ಸಾವಧಾನ” ಎಂದಾಗಲೂ ಹಂದರವೆಲ್ಲ ಒಂದು ಹಿಡಿ ಅಕ್ಕಿಕಾಳು ತೂರುತ್ತದೆ. ಕೊನೆಯ “ಸಾವಧಾನ”ಕ್ಕೆ ಪಟ ಸರಿಯುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಆ ನೋಟ ಇರುವುದು ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಬ್ಯಾಂಡು, ಗದ್ದಲ, ಹಾರ. “ಆಲ್ಬಮ್ ಅಂದ್ರ ಅದೊಂದ ಫೋಟೋ ತಂಗಿ. ಉಳದದ್ದೆಲ್ಲಾ ಅದರ ಬೀಗರು” ಎನ್ನುತ್ತಿದ್ದರು.

ಅದೊಂದಕ್ಕಾಗಿ ಅವರದೊಂದು ಕಟ್ಟುನಿಟ್ಟು ಇತ್ತು. ಕುತ್ತಿಗೆಗೆ ಎರಡು ಕ್ಯಾಮೆರಾ, ಒಂದಕ್ಕೆ ಐವತ್ತು, ಒಂದಕ್ಕೆ ಎಂಬತ್ತೈದು. ಹೆಗಲ ಮೇಲೆ ಟಾವೆಲ್ಲು, ಅಕ್ಕಿಯೂ ಅರಿಷಿಣವೂ ಒಳಗೆ ಹೋಗದಂತೆ ಕ್ಯಾಮೆರಾ ಮುಚ್ಚಲಿಕ್ಕೆ. “ಅಕ್ಕಿಕಾಳು ಬೀಳೂತನಕ ಲೆನ್ಸ್ ಬಿಚ್ಚಬ್ಯಾಡ. ಏನ್ ಬೇಕೋ ಮೊದಲ ಆರಿಸ್ಕೋ. ಆಮ್ಯಾಲ ಅದರಾಗ ಏನ್ ಕಾಣ್ತದೋ ಅಷ್ಟ ನಿನ್ನ ಹಕ್ಕು.”

ಕಾಗವಾಡದ ಒಂದು ಮದುವೆ ನೆನಪಿದೆ. ನಾನು ಉತ್ಸಾಹದಲ್ಲಿ ವೇದಿಕೆ ಹತ್ತಿ ಮದುಮಕ್ಕಳ ಮುಂದೆಯೇ ನಿಂತುಬಿಟ್ಟಿದ್ದೆ. ಕಾಕಾ ಬಂದು ನನ್ನ ತೋಳು ಹಿಡಿದು ಕೆಳಗಿಳಿಸಿ, ಮುಂದಿನ ಸಾಲಿನಲ್ಲಿ ಕುರ್ಚಿಯಲ್ಲಿದ್ದ ಒಬ್ಬ ಮುದುಕಿಯ ಪಕ್ಕ ನೆಲಕ್ಕೆ ಕೂರಿಸಿದರು. ಹುಡುಗಿಯ ಅಜ್ಜಿ ಆಕೆ. “ಇಲ್ಲಿಂದ ಏನ್ ಕಾಣಾಕತ್ತೇತಿ?” ಎಂದು ಕೇಳಿದರು. ವೇದಿಕೆಯ ಮೇಲೆ ವಿಡಿಯೋದವರು, ಫೋಟೋದವರು, ಮೊಬೈಲಿನವರು, ಬರೀ ಬೆನ್ನುಗಳು. “ಈ ಆಯಿ ಮದಿವಿ ನೋಡಾಕ ಬಂದಾಳ, ನಿನ್ನ ಬೆನ್ನ ನೋಡಾಕ ಅಲ್ಲ” ಎಂದರು. ಅಜ್ಜಿ ನಕ್ಕರು, ನಾನು ನಗಲಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು. ರಾಯಬಾಗದ ಕಡೆಯ ಮನೆತನಕ್ಕೆ ಕೊಡುವುದೆಂದು ನಿಕ್ಕಿಯಾಯಿತು, ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ ಮದುವೆ. ತಂದೆಯಾದವನು ಅಕ್ಕಿಕಾಳು ಹಿಡಿದು ನಿಲ್ಲಬೇಕು, ಕ್ಯಾಮೆರಾ ಹಿಡಿದು ಅಲ್ಲ. ಯಾರನ್ನು ಕರೆಸುತ್ತಾರೋ ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಕಾಕಾ ಮಾಳಿಗೆ ಹತ್ತಿ ಬಂದು, ತಮ್ಮ ಕ್ಯಾಮೆರಾ, ಎಂಬತ್ತೈದರ ಲೆನ್ಸು, ಟಾವೆಲ್ಲು ಮೂರನ್ನೂ ನನ್ನ ಕನ್ನಡಿಯ ಮುಂದೆ ಇಟ್ಟರು.

“ಮೇಕಪ್ಪೂ ನೀನ, ಫೋಟೋನೂ ನೀನ. ಬ್ಯಾರೆ ಏನೂ ಬ್ಯಾಡ. ಅದೊಂದ ಫೋಟೋ ನನಗ ಬೇಕು.”

ಆಯ್ತು ಎಂದೆ. ಆ ಹೊತ್ತಿಗೆ ನಾನು ಯಾರಿಗೂ ಹೇಳದೆ ಕೊಲ್ಲಾಪುರಕ್ಕೆ ಹೋಗಿ ನನ್ನ ಕ್ಯಾಮೆರಾಕ್ಕೆ ದೊಡ್ಡದೊಂದು ಜೂಮ್ ಲೆನ್ಸು ತಂದಿದ್ದೆ. ಕಾರ್ಯಾಲಯದ ಕೊನೆಯಲ್ಲಿ ನಿಂತರೂ ಮದುಮಗಳ ಮೂಗುತಿಯ ಹರಳು ಎಣಿಸಬಹುದು, ಅಂಥದ್ದು. ಗುರುವಿನ ಮಗಳ ಮದುವೆಯಲ್ಲಿಯೇ ಅದನ್ನು ತೋರಿಸಬೇಕೆಂಬ ಆಸೆ ನನಗೆ.

ಮದುವೆಯ ದಿನ ರೇಷ್ಮೆ ಸೀರೆ ಉಟ್ಟಿದ್ದೆ. ಎರಡು ಕ್ಯಾಮೆರಾ ಹಾಕಿಕೊಂಡರೆ ಸೆರಗು ಮುದ್ದೆಯಾಗುತ್ತದೆ ಎಂದು ಕಾಕಾನ ಕ್ಯಾಮೆರಾವನ್ನು, ಟಾವೆಲ್ಲಿನ ಸಮೇತ, ಮದುಮಗಳ ಕೋಣೆಯಲ್ಲಿಯೇ ಬಿಟ್ಟೆ. ಈ ಮಾತನ್ನು ಬರೆಯುವಾಗ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಸೆರಗಿಗೆ!

ಮಂಗಲಾಷ್ಟಕ ನಡೆದಿತ್ತು. ಮೊದಮೊದಲು ಐವತ್ತರ ಲೆನ್ಸಿನಲ್ಲಿ, ಕಾಕಾ ಕಲಿಸಿದ ಹಾಗೆ ವೇದಿಕೆಯ ಮೆಟ್ಟಿಲ ಮೂಲೆಯಲ್ಲಿ ಕೂತೇ ತೆಗೆದೆ. ಕೊನೆಯ ಪದ್ಯಕ್ಕೆ ಮುಂಚೆ ಸ್ವಲ್ಪ ಬಿಡುವು ಸಿಕ್ಕಿತು. ಜೂಮ್ ಹಾಕಲು ಇದೇ ಹೊತ್ತು ಎಂದು ಎದ್ದು ಹಂದರದ ನಡುವಿನ ದಾರಿಗೆ ಬಂದೆ. ಅತ್ತ ಇತ್ತ ತಿರುಗಿ ಎರಡು ಸಲ ಒತ್ತಿದ ನೆನಪಿದೆ. ಆಮೇಲೆ ಲೆನ್ಸು ಬಿಚ್ಚಿದೆ. ಕ್ಯಾಮೆರಾದ ಬಾಯಿ ತೆರೆದಿತ್ತು. ಹಿಂದಿನ ಸಾಲಿನಲ್ಲಿ ಯಾರಿಗೋ ತಡೆಯಲಾಗಲಿಲ್ಲ, “ಸಾವಧಾನ” ಅನ್ನುವ ಮೊದಲೇ ಒಂದು ಹಿಡಿ ಅಕ್ಕಿಕಾಳು ತೂರಿದರು. ನನ್ನ ತಲೆಯ ಮೇಲೆ, ಕೈಯ ಮೇಲೆ ಬಿದ್ದವು. ಝಾಡಿಸಿಕೊಂಡು ಜೂಮ್ ಸಿಕ್ಕಿಸಿದೆ. ಒತ್ತಿದೆ. ಒಳಗೆ ಏನೋ ಕರ್ರೆಂದಿತು, ಎದುರಿಗೆ ಕತ್ತಲು. ಮತ್ತೆ ಒತ್ತಿದೆ. ಕತ್ತಲೇ. ಅಷ್ಟರಲ್ಲಿ ಪಟ ಸರಿಯಿತು, ಬ್ಯಾಂಡು ಮೊಳಗಿತು, ಹಂದರವೆಲ್ಲ ಹಳದಿ ಮಳೆ. ನಾನು ಸತ್ತ ಕ್ಯಾಮೆರಾವನ್ನು ಒತ್ತುತ್ತಲೇ ಇದ್ದೆ.

ಮೊಬೈಲಿನಲ್ಲಿ ಜನ ತೆಗೆದದ್ದು ಬೇಕಾದಷ್ಟಿತ್ತು, ಎಲ್ಲದರಲ್ಲೂ ಯಾರದೋ ಎತ್ತಿದ ಕೈ. ವಿಡಿಯೋದವನ ಹತ್ತಿರ ಓಡಿದೆ. ಅವನು ವಿಡಿಯೋ ಹಿಂದಕ್ಕೆ ಓಡಿಸಿ ತೋರಿಸಿದ. ಆ ಎರಡು ಉಸಿರಿನ ಹೊತ್ತಿನಲ್ಲಿ ಅವನ ವಿಡಿಯೋ ತುಂಬ ಇದ್ದದ್ದು ಒಂದು ರೇಷ್ಮೆ ಸೀರೆಯ ಬೆನ್ನು.

ಮದುಮಗಳ ಕೋಣೆಯಲ್ಲಿ ಕೂತು ಅಳುತ್ತಿದ್ದಾಗ ಕಾಕಾ ಬಂದರು. ಹೇಳಿದೆ. ಹೊಸ ಲೆನ್ಸು, ಬಿಟ್ಟುಹೋದ ಕ್ಯಾಮೆರಾ, ಸೆರಗು, ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕ್ಯಾಮೆರಾ ಇಸಿದುಕೊಂಡು ಲೆನ್ಸು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಮೇಕಪ್ ಪೆಟ್ಟಿಗೆಯಿಂದ ಹುಬ್ಬು ಕೀಳುವ ಚಿಮಟ ತೆಗೆದುಕೊಂಡು, ಎಡಗಣ್ಣು ಮುಚ್ಚಿ, ಒಳಗಿನ ಕನ್ನಡಿಯ ಸಂದಿಯಿಂದ ಅರಿಷಿಣದ ಒಂದು ಅಕ್ಕಿಕಾಳು ಹೊರಗೆ ತೆಗೆದರು. ಅದನ್ನು ಕೆಳಗೆ ಚೆಲ್ಲಲಿಲ್ಲ, ಜೇಬಿಗೆ ಹಾಕಿಕೊಂಡರು.

“ಕಾಕಾ, ಆ ಫೋಟೋ ಇಲ್ರಿ” ಎಂದೆ ಮತ್ತೆ, ಅವರಿಗೆ ತಿಳಿದಿಲ್ಲವೇನೋ ಅನ್ನುವ ಹಾಗೆ.

“ಫೋಟೋ ಯಾಕ ಬೇಕ ಬೇ? ನಲವತ್ತ ವರ್ಷ ಮಂದಿ ಮಕ್ಕಳ ಮದಿವಿ ಒಂದ ಕಣ್ಣಿಂದ ನೋಡಿದೆ. ನನ್ನ ಮಗಳದ ಎರಡೂ ಕಣ್ಣಿಂದ ನೋಡೀನಿ. ನನಗ ಅಷ್ಟ ಸಾಕು.” ಕ್ಯಾಮೆರಾಕ್ಕೆ ಅಗಲದ ಲೆನ್ಸು ಹಾಕಿ ಕೈಗೆ ಕೊಟ್ಟು, “ಏಳು, ಪಂಗತಿ ಕುಂತಾವು” ಎಂದರು.

ಆ ಮಾತಿನ ಮೇಲೆ ನಾನು ಬದುಕಿದೆ. ಆ ಮಾತು ಇಲ್ಲದಿದ್ದರೆ ಅವತ್ತೇ ಕ್ಯಾಮೆರಾ ಮಾರಿ ಹುಬ್ಬು ಕೀಳುತ್ತ ಕೂರುತ್ತಿದ್ದೆ. ಮುಂದೆ ಅಥಣಿ, ನಿಪ್ಪಾಣಿ ಎಂದು ಎಷ್ಟೋ ಮದುವೆ ಮಾಡಿದೆ, ಎರಡು ಕ್ಯಾಮೆರಾ ಹಾಕಿಕೊಂಡು, ಹತ್ತಿಯ ಸೀರೆ ಉಟ್ಟು. ಪಟ ಸರಿಯುವ ಹೊತ್ತಿಗೆ ಪ್ರತಿ ಸಲ ಹೆಗಲ ಮೇಲಿನ ಟಾವೆಲ್ಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಪರವಾಗಿಲ್ಲ, ಅವತ್ತಿನದನ್ನು ಕಾಕಾ ನೋಡಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾಕಾ ನನ್ನ ಹೊಸ ಆಲ್ಬಮ್ಮುಗಳನ್ನು ನೋಡಿ, ಆ ಒಂದು ಫೋಟೋದ ಮೇಲೆ ಬೆರಳಿಟ್ಟು, “ಬಂದೈತಿ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಎಂದೂ ಹೊಗಳಿದವರಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಎಂಟು ದಿನದ ಜ್ವರ, ಅಷ್ಟೇ. ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದು ಮಗಳು ಸ್ಟುಡಿಯೋವನ್ನೆಲ್ಲ ಹುಡುಕಿದಳು. ಸಾವಿರಾರು ಮಂದಿಯ ಮುಖ ಸಿಕ್ಕವು, ಅವರದು ಸಿಗಲಿಲ್ಲ. ಆಧಾರ್ ಕಾರ್ಡಿನದು ಒಂದಿತ್ತು, ಅದರಲ್ಲಿ ಅವರು ಯಾರಿಗೋ ಹೆದರಿಕೊಂಡವರ ಹಾಗೆ ಕಾಣುತ್ತಾರೆ. “ಅಕ್ಕಾ, ನಿನ್ನ ಹತ್ರ ನನ್ನ ಮದಿವಿದು ಏನರ ಅದಾವೇನು?” ಎಂದು ಕೇಳಿದಳು.

ಆಲ್ಬಮ್ಮಿಗೆ ಬೇಕಾದದ್ದನ್ನು ಆರಿಸಿ ಕೊಟ್ಟಿದ್ದೆ. ಆದರೆ ಕ್ಯಾಮೆರಾ ಕೆಡುವ ಮುಂಚಿನ ಕೊನೆಯ ಕೆಲವನ್ನು ತೆರೆದು ನೋಡುವ ಧೈರ್ಯ ನನಗೆ ಎಂದೂ ಬಂದಿರಲಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತೆರೆದೆ. ಕಟ್ಟಕಡೆಯದು, ಲೆನ್ಸು ಬಿಚ್ಚುವ ಮುಂಚೆ ಅತ್ತ ಇತ್ತ ತಿರುಗಿ ಒತ್ತಿದ್ದು, ಕಾಕಾನದು. ಐವತ್ತರ ಲೆನ್ಸು, ಮಾತಾಡುವಷ್ಟು ದೂರ. ಮುಂದಿನ ಸಾಲಿನಲ್ಲಿ ನಿಂತು ಅಂತರಪಟದ ಕಡೆ ನೋಡುತ್ತಿದ್ದಾರೆ. ತಲೆಗೆ ರುಮಾಲು, ಮುಷ್ಟಿಯ ತುಂಬ ಅಕ್ಕಿಕಾಳು. ಎಡಗಣ್ಣು ಬಿಗಿಯಾಗಿ ಮುಚ್ಚಿದೆ.

ಮಗಳಿಗೆ ಮೊದಲು ನಗು ಬಂತು. “ನೋಡಕ್ಕಾ, ಕ್ಯಾಮೆರಾ ಇಲ್ಲಂದ್ರೂ ಫೋಟೋ ತಗ್ಯಾಕತ್ತಾನ” ಎಂದಳು. ಆಮೇಲೆ ಅತ್ತಳು. “ಇದ ಇರಲಿ. ಅಪ್ಪಾ ಇದ್ದದ್ದ ಹಿಂಗ.”

ಈಗ ಆ ಫೋಟೋ ಸ್ಟುಡಿಯೋದ ಗೋಡೆಯ ಮೇಲಿದೆ. ಪಾರ್ಲರಿಗೆ ಹತ್ತುವಾಗ ಇಳಿಯುವಾಗ ಅದರ ಮುಂದೆ ಹಾಯ್ದೇ ಹೋಗಬೇಕು. ಎರಡೂ ಕಣ್ಣಿಂದ ನೋಡೀನಿ ಎಂದು ಅವರು ಅಂದದ್ದು ನಿಜವೋ, ನಾನು ಅಳುವುದನ್ನು ನಿಲ್ಲಿಸಲಿ ಎಂದು ಅಂದದ್ದೋ? ಪಟ ಸರಿದಾಗ ಆ ಎಡಗಣ್ಣು ತೆರೆದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಹೇಳಬಹುದಾಗಿದ್ದ ಒಂದೇ ಒಂದು ಫೋಟೋವನ್ನು ನಾನು ತೆಗೆಯಲಿಲ್ಲ.