ವಾಲ್ದೆಮಾರ್ ನಗದೆ ಕೂತ ಭಾನುವಾರ

ವಾಲ್ದೆಮಾರ್ ಪಿಂಟೋಸ್ ಇಪ್ಪತ್ತಾರು ವರ್ಷದಿಂದ ನಮ್ಮೂರಿನ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಹಾಕುತ್ತಿದ್ದ. ಅವನ ಲಾರಿಗಿಂತ ಮೊದಲು ಅವನ ನಗು ಕೇಳಿಸುತ್ತಿತ್ತು. ಹೊಟ್ಟೆಯಿಂದ ಹೊರಟು ಮೂಗಿನಲ್ಲಿ ಗೊರಕೆಯಾಗಿ ಮುಗಿಯುವ ನಗು. ಅದು ಕಿವಿಗೆ ಬಿದ್ದರೆ ವಿಷಯ ಗೊತ್ತಿಲ್ಲದವರೂ ನಗುತ್ತಿದ್ದರು.

ಆ ವರ್ಷ ಹೈಸ್ಕೂಲು ಮಕ್ಕಳು ತಾವೇ ಹಾಡು ಕಟ್ಟಿ ಕ್ಲಬ್ಬಿನ ಹಾಲ್‌ನಲ್ಲಿ ಒಂದು ಸಂಗೀತ ನಾಟಕ ಆಡಿದರು. ನದಿ ದಂಡೆಯಲ್ಲಿ ಮುಚ್ಚಿಹೋದ ಮಾಂಸದ ಕಾರ್ಖಾನೆಯ ಕಥೆ. ಶನಿವಾರ ಒಂದು ಆಟ, ಭಾನುವಾರ ಒಂದು. ನಡುವೆ ಒಂದು ದುಃಖದ ಹಾಡು: ಕಾರ್ಖಾನೆಯಲ್ಲಿ ಸತ್ತ ಕೆಲಸಗಾರನ ಹೆಣದ ಪಕ್ಕ ಕೂತು ಹೆಂಡತಿ ಹಾಡುವುದು. ಹಾಡಿದವಳು ಹದಿನಾರರ ಮಿಕಾಯೆಲಾ. ಹಾಗೆ ಸತ್ತವನು ನಿಜವಾಗಿ ಅವಳ ತಾತನೇ. ಶನಿವಾರ ಅಜ್ಜಿ ಒಫೇಲಿಯಾ ವಾಲ್ದೆಮಾರನ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಹೆಣವಾಗಿ ಮಲಗಿದ್ದ ಹುಡುಗ ಎಸೆಕಿಯೆಲ್. ಅವನ ಮೂಗಿನ ಮೇಲೆ ನೊಣ ಕೂತಿತು. ಹೆಣ ಮೂಗು ಸೊಟ್ಟ ಮಾಡಿತು. ಆಮೇಲೆ ಮೆಲ್ಲಗೆ ಕೈಯೆತ್ತಿ ಕೆರೆದುಕೊಂಡಿತು. ವಾಲ್ದೆಮಾರ್ ತುಟಿ ಕಚ್ಚಿದ, ತಡೆಯಲಾಗದೆ ನಕ್ಕೇಬಿಟ್ಟ. ಸರಿಯಾಗಿ ಅದೇ ಗಳಿಗೆಯಲ್ಲಿ ಮೇಲಿನ ಸ್ವರಕ್ಕೇರಿದ ಮಿಕಾಯೆಲಾಳ ದನಿ ಒಡೆದಿತ್ತು.

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಬಾಯ್ ಮುಚ್ಚೋ ಮಾರಾಯ," ಎಂದು ವಾಲ್ದೆಮಾರನ ಹೆಂಡತಿ ನೆಲ್ಲಿ ಅವನನ್ನು ತಿವಿದಳು. "ಅಜ್ಜಿ ಮುಂದೇನೇ ಕೂತಿದಾರೆ."

ಮಿಕಾಯೆಲಾ ಉಳಿದ ಹಾಡನ್ನು ನೆಲ ನೋಡುತ್ತಾ ಅರ್ಧಂಬರ್ಧ ನುಂಗಿ ಮುಗಿಸಿದಳು. ಒಫೇಲಿಯಾ ಹಿಂತಿರುಗಿ ನೋಡಲಿಲ್ಲ. ಆ ಅಲ್ಲಾಡದ ಕುತ್ತಿಗೆ ನೋಡುತ್ತಾ ವಾಲ್ದೆಮಾರ್ ಕೂತಲ್ಲೇ ಬೆವೆತ.

ಬೆಳಗ್ಗೆ ಅವನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಎದ್ದು ನೇರ ಒಫೇಲಿಯಾಳ ಮನೆಗೆ ಹೋದ.

"ನಾನ್ ನಕ್ಕಿದ್ದು ಹುಡುಗಿಗಲ್ಲ ಒಫೇಲಿಯಮ್ಮ. ಹೆಣ ಮೂಗು ಕೆರ್ಕೊಳ್ತು."

"ನಾನೂ ನೋಡ್ದೆ. ನನ್ನ ಗಂಡ ಬದುಕಿದ್ದಾಗ್ಲೂ ಒಂದ್ ಕಡೆ ಸುಮ್ನೆ ಮಲಗಿದವನಲ್ಲ ಬಿಡು," ಎಂದಳು ಮುದುಕಿ. "ನನಗೇನ್ ಹೇಳ್ತೀಯ, ಅವಳಿಗೆ ಹೇಳು."

ತಲೆ ಬಾಚದೆ ಬಾಗಿಲಿಗೆ ಬಂದ ಮಿಕಾಯೆಲಾಳಿಗೂ ಅದನ್ನೇ ಹೇಳಿದ.

"ಮೂಗಿನ ವಿಷಯ ನಿಮಗೂ ಅಜ್ಜಿಗೂ ಮಾತ್ರ ಗೊತ್ತು," ಎಂದಳು ಅವಳು. "ಮಿಕ್ಕವರು ನನ್ನ ದನಿಗೆ ನಕ್ಕರು."

"ಇವತ್ತು ನಾನು ಬರಲ್ಲಮ್ಮ."

"ಬನ್ನಿ. ಬರ್ದಿದ್ರೆ ನಾನೇ ಓಡಿಸ್ದೆ ಅಂತಾರೆ. ಬಂದು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಭಾನುವಾರದ ಆಟದಲ್ಲಿ ಹಾಗೇ ಕೂತ. ಆ ಹಾಡು ಬಂದಾಗ ನಾಲ್ಕಾರು ಜನ ತಿರುಗಿ ಅವನ ಮುಖ ನೋಡಿದರು. ಅವನು ತನ್ನ ಬೂಟು ನೋಡುತ್ತಿದ್ದ. ಮಿಕಾಯೆಲಾಳ ದನಿ ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಯಾರೂ ಕಿಸಕ್ಕೆನ್ನಲಿಲ್ಲ. ಅವಳು ತಲೆಯೆತ್ತಿ ಕೊನೆಯವರೆಗೂ ಹಾಡಿದಳು.

ಆಮೇಲೆ, ಹೆಣದ ಪಾತ್ರ ಮುಗಿಸಿದ ಎಸೆಕಿಯೆಲ್ ಕುಡುಕ ಮೇಸ್ತ್ರಿಯ ವೇಷದಲ್ಲಿ ಬಂದ. ಶನಿವಾರ ಅವನು ಕಾಲು ಜಾರಿ ಬಿದ್ದಾಗ ಅಷ್ಟು ಬೆವೆತಿದ್ದ ವಾಲ್ದೆಮಾರನೂ ತಡೆಯಲಾಗದೆ ನಕ್ಕಿದ್ದ, ಅವನ ಹಿಂದೆ ಮಾಡು ಹಾರಿಹೋಗುವಷ್ಟು ಎಲ್ಲರೂ ನಕ್ಕಿದ್ದರು. ಇಂದು ವಾಲ್ದೆಮಾರ್ ಹೆದರಿ ಕಚ್ಚಿದ ಹಲ್ಲು ಬಿಡಲಿಲ್ಲ. ಅವನು ಶುರು ಮಾಡದೆ ಬೇರೆ ಯಾರೂ ಶುರು ಮಾಡಲಿಲ್ಲ. ಹುಡುಗ ಎರಡನೇ ಸಲ ಬಿದ್ದ, ಮೂರನೇ ಸಲವೂ ಬಿದ್ದ. ಯಾರೋ ಕೆಮ್ಮಿದರು.

ಆಟ ಮುಗಿದ ಮೇಲೆ ಹುಡುಗ ಮುಖದ ಬಣ್ಣದಲ್ಲೇ ಹುಡುಕಿಕೊಂಡು ಬಂದ. "ನಿನ್ನೆ ಅಷ್ಟು ನಕ್ಕಿದ್ರಲ್ಲ ವಾಲ್ದೆಮಾರ್ ಮಾಮ. ಇವತ್ತು ನಾನೇನ್ ತಪ್ಪು ಮಾಡ್ದೆ?"

ನಿಜ ಹೇಳಿದರೆ ಮಿಕಾಯೆಲಾಳನ್ನು ನಡುವೆ ಎಳೆದ ಹಾಗಾಗುತ್ತಿತ್ತು.

"ನಿಂದೇನಿಲ್ಲಪ್ಪ," ಎಂದ. "ನಂಗೆ ಹಲ್ಲುನೋವು."

ಮೂರನೇ ಆಟ ಇರಲಿಲ್ಲ. ಆ ವಾರ ಅವನು ಎಸೆಕಿಯೆಲ್‌ನ ಮನೆಗೆ ಸಿಲಿಂಡರ್ ಕೊಂಡುಹೋದಾಗ ಹುಡುಗನ ತಾಯಿ ಒಂದು ಪುಟ್ಟ ಸೀಸೆ ಲವಂಗದೆಣ್ಣೆ ತಂದು ಕೈಗಿಟ್ಟಳು. "ಮಗ ಹೇಳ್ದ. ಹತ್ತಿಗೆ ಹಾಕಿ ಹಲ್ಲಲ್ಲಿಟ್ಕೊಳ್ಳಿ."

ವಾಲ್ದೆಮಾರ್ ಸೀಸೆ ಜೇಬಿಗಿಳಿಸಿ, ಕೆನ್ನೆಗೊಂದು ಕೈ ಹಿಡಿದುಕೊಂಡೇ ಲಾರಿಯವರೆಗೆ ನಡೆದ.