ಕಾರ್ ಕೀಗೆ ಕಟ್ಟಿದ್ದ ಹಗ್ಗ

ನನಗೆ ಎಲ್ಲರ ದನಿಯೂ ಬರುತ್ತದೆ. ನನ್ನ ದನಿಯನ್ನು ಫೋನಿನಲ್ಲಿ ಕೇಳಿದಾಗ ಮಾತ್ರ, ಇವನ್ಯಾರಪ್ಪ ಇಷ್ಟು ಕೆಟ್ಟದಾಗಿ ಮಾತಾಡುತ್ತಾನೆ ಎನ್ನಿಸುತ್ತದೆ. ನಮ್ಮ ಆಫೀಸಿನ ಮ್ಯಾನೇಜರ್ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ನಾನು ಕೆಮ್ಮುತ್ತೇನೆ. ಭೀಮನಬೀಡಿನ ನಮ್ಮ ಬೀದಿಯಲ್ಲಿ ನನ್ನ ಬಾಯಿಂದ ತಪ್ಪಿಸಿಕೊಂಡವರಿಲ್ಲ, ಕೋಳಿಗಳೂ ಸೇರಿದಂತೆ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ತಾತನ ದನಿ.

ತಾತ ತೀರಿಕೊಂಡು ಮೂರು ವರ್ಷ. ಬಿಟ್ಟು ಹೋದದ್ದು ಒಂದು ಬಿಳಿ ಕಾರು. ನಾನು ಹುಟ್ಟುವ ಮೊದಲು ಹಸು ಮಾರಿ ಕೊಂಡದ್ದಂತೆ. ನಮ್ಮ ಕಡೆ ಹಸು ಕೊಟ್ಟರೂ ಅದರ ಕೊರಳ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಾಗೆ ಉಳಿದ ಹಗ್ಗದಲ್ಲಿ ಗೇಣುದ್ದ ಕತ್ತರಿಸಿ ತಾತ ಕಾರಿನ ಕೀಗೆ ಕಟ್ಟಿಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಬಾನೆಟ್ ತಟ್ಟಿ, "ಏಳವ್ವ, ಏಳು, ವೊತ್ತಾಯ್ತು," ಎನ್ನುತ್ತಿದ್ದ. ಆಮೇಲೆಯೇ ಅದು ಗೊರಗೊರ ಎಂದು ಏಳುತ್ತಿತ್ತು.

ಅವನು ಹೋದ ಮೇಲೆ ಆ ಮಾತನ್ನು ಅವನ ದನಿಯಲ್ಲಿ ನಾನು ಹೇಳತೊಡಗಿದೆ. ಮೊದಲು ತಮಾಷೆಗೆ. ಹೇಳದ ದಿನ ಕಾರು ಏಳುವುದಿಲ್ಲ ಎಂದು ಗೊತ್ತಾದ ಮೇಲೆ ತಮಾಷೆ ನಿಂತಿತು. ಮೆಕ್ಯಾನಿಕ್ಕನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಕಾರು ಬಿಟ್ಟು ನನ್ನನ್ನೇ ಬಿಚ್ಚಿ ನೋಡುತ್ತಿದ್ದ.

ಈಚೆಗೆ ಅದು ತಾತನ ದನಿಗೂ ಪೂರ್ತಿ ಬಗ್ಗುತ್ತಿರಲಿಲ್ಲ. ಅಜ್ಜಿಯ ಕಣ್ಣಿಗೆ ತಿಂಗಳಿಗೊಮ್ಮೆ ಚಾಮರಾಜನಗರದಲ್ಲಿ ಇಂಜೆಕ್ಷನ್. ಎರಡು ಸಲ ತೆರಕಣಾಂಬಿ ದಾಟಿದ ಮೇಲೆ ನಡುದಾರಿಯಲ್ಲಿ ನಿಂತಿತು. ಎರಡನೆಯ ಸಲ ನಾವು ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಅಜ್ಜಿಯ ಕಣ್ಣಲ್ಲಿ ಉಳಿದಿದ್ದ ಚೂರು ಬೆಳಕು ಕಾರಿನ ಮರ್ಜಿ ಕಾಯುವಂತಿರಲಿಲ್ಲ.

"ಮಾರ್ಬುಡು ಕಣ್ಲಾ," ಎಂದಳು ಅಜ್ಜಿ. "ಇದನ್ನೇ ನಂಬ್ಕಂಡಿದ್ರೆ ನಂಗೆ ನಿನ್ ಮುಖ ಕಾಣ್ದಂಗಾಯ್ತದೆ. ಅದೇನ್ ಅಂತಾ ದೊಡ್ಡ ನಷ್ಟ ಅಲ್ಲ, ಬುಡು. ಆದ್ರೂ."

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹಳೆಯ ಕಾರು ಪಡೆದು ಬೇರೆ ಕಾರು ಕೊಡುವ ವ್ಯಾಪಾರಿಯೊಬ್ಬನಿದ್ದಾನೆ. ವಯನಾಡಿನಿಂದ ಬಂದು ನೆಲೆಸಿದವನು. ಗಿರಾಕಿಗಳನ್ನೆಲ್ಲ ಮಗನೇ ಅನ್ನುವಂತೆ "ಮೋನೇ" ಎಂದೇ ಕರೆಯುತ್ತಾನೆ. ಬುಧವಾರ ಅವನ ಮುಂದೆ ತಾತನ ದನಿ ತೆಗೆದು ಕಾರು ಸ್ಟಾರ್ಟ್ ಮಾಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾನುವಾರದ ತನಕ ಇಲ್ಲೇ ನಿಲ್ಲಲಿ ಮೋನೇ. ನಾನು ಚೆಕ್ ಮಾಡಿಸ್ತೇನೆ. ನೀನೂ ಯೋಚನೆ ಮಾಡು, ಕೊಡೋದಾ, ಬಿಡೋದಾ."

ಕೀ ಅವನ ಕೈಗಿಟ್ಟು ಬಸ್ಸು ಹತ್ತಿದೆ.

ಮರುದಿನ ಟೀ ಅಂಗಡಿಯಲ್ಲಿ ಯಾರೋ, "ಎಲ್ಲಿ, ನಿಮ್ ತಾತನ್ನ ಒಂದ್ಸಲ ಬುಡು ನೋಡನ," ಎಂದರು. ಬಾಯಿ ತೆರೆದೆ. ಬರಲಿಲ್ಲ. ನನ್ನದೇ ತೆಳ್ಳನೆಯ ದನಿ ಹೊರಬಿತ್ತು.

"ಏನ್ಲಾ, ಬ್ಯಾಟ್ರಿ ಡೌನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದೆ. ಮ್ಯಾನೇಜರ್ ಬಂದರು, ಕೋಳಿ ಬಂತು. ತಾತ ಬರಲಿಲ್ಲ.

ಶುಕ್ರವಾರ ವ್ಯಾಪಾರಿಯ ಫೋನು. "ಮೋನೇ, ತಮಾಷೆ ಸಾಕು."

"ಯಾವ ತಮಾಷೆ?"

"ಬೆಳಿಗ್ಗೆ ಆರು ಗಂಟೆಗೆ ಕಾಂಪೌಂಡ್ ಹಿಂದೆ ನಿಂತು ಮುದುಕನ ಸ್ವರ ತೆಗೀತೀಯಲ್ಲ, 'ಏಳವ್ವ, ಏಳು' ಅಂತ! ನಿನ್ನೆಯೂ ಆಯ್ತು, ಇವತ್ತೂ ಆಯ್ತು. ನಮ್ಮ ವಾಚ್‌ಮನ್ ನಾಳೆ ಬರೋದಿಲ್ಲ ಅಂತಾನೆ."

"ಆರು ಗಂಟೆಗೆ ನಾನು ಹಾಸಿಗೆ ಬಿಟ್ಟೇ ಎದ್ದಿರಲ್ಲ. ದೇವರಾಣೆ."

"ಆ ಸ್ವರ ಬುಧವಾರ ನಾನೇ ಕೇಳಿದ್ದೇನೆ. ನೀನಲ್ಲದೆ ಬೇರೆ ಯಾರಿಗೆ ಬರ್ತದೆ?"

ಇಷ್ಟು ವರ್ಷ ಊರನ್ನೆಲ್ಲ ಅಣಕಿಸಿದ ಬಾಯಿ ಒಂದು ನಿಜ ಹೇಳಿದರೆ ಯಾರು ನಂಬುತ್ತಾರೆ?

ನನಗೆ ತಾತನ ದನಿ ಬಾರದ್ದು, ವ್ಯಾಪಾರಿಯ ಫೋನು, ಎರಡನ್ನೂ ಅಜ್ಜಿಗೆ ನಗುನಗುತ್ತಲೇ ಹೇಳಿದೆ. ಅವಳು ನಗಲಿಲ್ಲ.

"ಕೀ ಕೊಟ್ಬುಟ್ಟು ಬಂದ್ಯಾ?"

"ಊಂ."

"ಅದ್ರಲ್ಲಿದ್ದ ಅಗ್ಗ?"

ನಾನು ಖಾಲಿ ಜೇಬು ತಡಕಿದೆ.

"ಥೂ ಮೂದೇವಿ! ದನ ಕೊಡೋನು ಅಗ್ಗ ಕೊಟ್ಟನಾ? ಅಗ್ಗ ಜೊತೇಲೋದ್ರೆ ಕಟ್ಟಿದೋನೂ ಜೊತೇಲೇ ಓಯ್ತಾನೆ ಕಣ್ಲಾ."

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಮಂಜು ಎಷ್ಟಿತ್ತೆಂದರೆ ಗೋಪಾಲಸ್ವಾಮಿ ಬೆಟ್ಟ ಇರಲಿ, ರಸ್ತೆಯಾಚೆಯ ಹುಣಸೆಮರವೂ ಕಾಣುತ್ತಿರಲಿಲ್ಲ. ಸಾಲಾಗಿ ನಿಂತ ಕಾರುಗಳ ಮೇಲೆಲ್ಲ ಇಬ್ಬನಿ ಬೆವರಿನಂತೆ ಕೂತಿತ್ತು. ನಮ್ಮದರ ಬಾನೆಟ್ಟಿನ ಮೇಲೆ ಒಂದು ಕಡೆ ಮಾತ್ರ ಒಣಗಿತ್ತು. ಐದು ಬೆರಳು, ಒಂದು ಅಂಗೈ. ಪಕ್ಕದಲ್ಲಿ ನನ್ನ ಕೈಯಿಟ್ಟು ನೋಡಿದೆ. ನನ್ನದು ಚಿಕ್ಕದು.

"ಏನು ಯೋಚನೆ ಮಾಡಿದೆ?" ಬೆನ್ನ ಹಿಂದೆ ವ್ಯಾಪಾರಿ. ಅವನೂ ಆ ಗುರುತು ನೋಡುತ್ತಿದ್ದ, ಮುಟ್ಟಲಿಲ್ಲ.

ವಾಪಸ್ಸು ಒಯ್ಯಬಹುದಿತ್ತು. ಒಯ್ದರೆ ತಾತನ ದನಿಯೂ ಮರಳುತ್ತಿತ್ತೋ ಏನೋ. ಆದರೆ ಸೋಮವಾರವೇ ಇಂಜೆಕ್ಷನ್ ಇತ್ತು. ಕೀ ಇಸಕೊಂಡು ಹಗ್ಗದ ಗಂಟು ಬಿಚ್ಚಲು ಹೋದೆ. ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಬಾಯಿ ತುಂಬ ಕೊಟ್ಟಿಗೆಯ ವಾಸನೆ.

"ಕಾರು ನಿಮ್ಮದು. ಇದೊಂದು ಕೊಡಲ್ಲ."

"ಅಷ್ಟೇ ತಾನೇ? ತಗೊಂಡು ಹೋಗು ಮೋನೇ," ಎಂದ ಅವನು. ಇಷ್ಟು ಬೇಗ ಒಪ್ಪುವ ವ್ಯಾಪಾರಿಯನ್ನು ನಾನು ನೋಡಿರಲಿಲ್ಲ.

ಬದಲಿಗೆ ಬಂದ ಕೆಂಪು ಕಾರು ಗುಂಡಿ ಒತ್ತಿದರೆ ಸಾಕು, ಯಾರ ಮಾತಿಗೂ ಕಾಯುವುದಿಲ್ಲ. ದಾರಿಯಲ್ಲಿ ಎರಡು ಸಲ ತಾತನ ದನಿಗೆ ಪ್ರಯತ್ನಿಸಿದೆ. ಇಲ್ಲ. ಅಜ್ಜಿ ಹಗ್ಗವನ್ನು ಕಣ್ಣಿಗೊತ್ತಿಕೊಂಡು ಜಗುಲಿಯ ಗೂಟಕ್ಕೆ ಸಿಕ್ಕಿಸಿದಳು.

ಸೋಮವಾರ ಆಸ್ಪತ್ರೆಗೆಂದು ಬೇಗ ಎದ್ದು ಹಿತ್ತಿಲ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಜಗುಲಿಯ ಕಡೆಯಿಂದ ಅಜ್ಜಿ ಕೂಗಿದಳು:

"ಎದ್ದಿವ್ನಿ ಕಣ್ಲಾ! ದನಿ ಬತ್ತಿಲ್ಲ ಅಂತಿದ್ದೆ, ಈಗ ನೋಡು, ನಿಮ್ ತಾತನೇ ಬಂದು ಏಳಿಸ್ದಂಗೇ ಅಂತೀಯಲ್ಲ!"

ನನ್ನ ಬಾಯಲ್ಲಿ ಬ್ರಷ್ಷಿತ್ತು. ಬಾಯಿ ತುಂಬ ನೊರೆ. ಉಗಿಯುವುದೋ ನುಂಗುವುದೋ ತಿಳಿಯದೆ ಹಾಗೇ ನಿಂತೆ.