ದಸ್ತಗೀರಸಾಬನ ಬೋಣಿ

ದಸ್ತಗೀರಸಾಬಗ ಬೈಯೋರು ಚೊಳಚಗುಡ್ಡದಾಗ ಈಗ ಭಾಳ ಮಂದಿ ಅದಾರ. ನಾನೂ ಬೈದೇನಿ, ಮಾರಿ ಮ್ಯಾಲಽ ಬೈದೇನಿ. ಆದ್ರ ಅವತ್ತ ಮುಂಜಾನಿ ಬಸ್ ಸ್ಟಾಪಿನಾಗ ಏನಾತು ಅನ್ನೋದನ್ನ ಚಾದಂಗಡಿ ಸುನಂದಾ, ಅಂದ್ರ ನಾ, ಕಣ್ಣಾರೆ ನೋಡೇನಿ. ನೋಡಲಾರದೋರು ಬಾಯಿಗೆ ಬಂದಂಗ ಮಾತಾಡಬಾರದು.

ನನ್ನ ಅಂಗಡಿ ಮುಂದಽ ಬದಾಮಿಗೆ ಮಂದಿ ಒಯ್ಯೋ ಮೂರು ಗಾಲಿ ಟಂಟಂ ಗಾಡಿ ನಿಲ್ಲತಾವ. ಅದರಾಗ ಎಲ್ಲಾಕ್ಕಿಂತ ಹಳೇದು ಅವಂದು. "ಬದಾಮೀ, ಬದಾಮೀ, ಬದಾಮೀ" ಅಂತ ಅಂವ ಒದರಿದ್ರ ಬನಶಂಕರಿ ಗುಡಿತನಕ ಕೇಳತಿತ್ತು. ಕೂಲಿಗೆ ಹೋಗೋ ಹೆಣ್ಮಕ್ಕಳು, ದವಾಖಾನಿಗೆ ಹೋಗೋ ಬಸುರೇರು, ಎಲ್ಲಾರೂ ಅವನ ಗಾಡ್ಯಾಗ. ರೊಕ್ಕ ಇಲ್ಲಂದ್ರ "ನಾಳಿಗೆ ಕೊಡಬೇ ಯವ್ವಾ" ಅಂತಿದ್ದ. ದಿನದ ಮೊದಲನೇ ರೊಕ್ಕ ಮಾತ್ರ ಬಿಡತಿದ್ದಿಲ್ಲ. ಬೋಣಿ ಅಂತ ಅದನ್ನ ಕಣ್ಣಿಗೆ ಒತ್ಕೊಂಡು ಗಾಡಿ ಮುಂದಿನ ಗ್ಲಾಸಿನ ಸಂದ್ಯಾಗ ಸಿಗಿಸಿಡತಿದ್ದ.

ಆಮ್ಯಾಲೆ ಹೆಣ್ಮಕ್ಕಳಿಗೆ ಬಸ್ ಫ್ರೀ ಆತು. ತಗೋ, ಟಂಟಂ ಖಾಲಿ! ಗಂಡಸರಂತೂ ಮೊದಲಽ ಮೋಟರ್‌ಸೈಕಲ್ ಮ್ಯಾಲೆ ತಿರಗೋ ಮಂದಿ. ಸರಕಾರಕ್ಕ ಬೈಯೋದು, ನನ್ನ ಚಾ ಕುಡಿಯೋದು, ದಸ್ತಗೀರಸಾಬಗ ಇದಽ ಉದ್ಯೋಗ ಆತು. ಆದ್ರ ಅದಽ ಬಸ್ಸಿನ ದೆಸಿಯಿಂದ ಅವನ ಹೇಣ್ತಿ ಶಹರಬಾನುಗ ನೌಕರಿ ಸಿಕ್ತು. ಬಾಗಲಕೋಟಿ ಹೊರಗ ಬಟ್ಟಿ ಹೊಲಿಯೋ ಶೆಡ್ಡು. ದಿನಾ ತಿಕೀಟು ತಗೊಂಡು ಅಷ್ಟು ದೂರ ಹೋಗೋದಾಗಿದ್ರ ಪಗಾರ ಎಲ್ಲಾ ಹಾದ್ಯಾಗಽ ಮುಗೀತಿತ್ತು. ಮನ್ಯಾಗ ಕುಂತು ಸೀರಿಗೆ ಫಾಲ್ಸ್ ಹಚ್ಚತಿದ್ದ ಹೆಣ್ಮಗಳು ಈಗ ಕೊರಳಾಗ ಕಾರ್ಡ್ ಹಾಕ್ಕೊಂಡು ಹೊಂಟ್ಲು. ಮಗಳ ಕಾಲೇಜು, ಮನಿ ಸಂತಿ, ಕಡೀಕ ಅವನ ಗಾಡಿ ಡೀಸೆಲ್ ಸೈತ ಆಕಿ ಪಗಾರದಾಗಽ. ಇದು ಅವಂಗ ಮುಳ್ಳು ಚುಚ್ಚಿದಂಗ ಚುಚ್ಚತಿತ್ತು.

ಒಂದಿನ ಸಂಜೀಕ ಟಂಟಂದವರ ಮುಖಂಡ ವಿಜಯಮಹಾಂತೇಶ ನನ್ನ ಬಾಕಿನ ಮ್ಯಾಲೆ ಕುಂತು ಮೆಲ್ಲಕ ಹೇಳಿದ. "ಮುಂಜಾನಿ ಬಾಗಲಕೋಟಿ ಬಸ್ಸಿನ ಡ್ರೈವರನ್ನ ಮಾತಾಡ್ಸೇನಿ. ನಾಳಿಂದ ಇಲ್ಲಿ ನಿಲ್ಲಸಂಗಿಲ್ಲ. ಹೆಣ್ಮಕ್ಕಳು ನಮ್ಮ ಗಾಡ್ಯಾಗ ಬದಾಮಿಗೆ ಹೋಗಿ ಅಲ್ಲಿಂದ ಬೇಕಾದ ಬಸ್ ಹಿಡೀಲಿ. ಯಾಂವರ ಇದರಾಗ ಅಡ್ಡ ಬಂದಾ, ಅವಂಗ ಪಾಳಿ ಇಲ್ಲ."

ಪಾಳಿ ಇಲ್ಲಂದ್ರ ಈ ಸ್ಟಾಪಿನಾಗ ಗಾಡಿ ಹಚ್ಚೋ ಹಂಗಿಲ್ಲ. ಎಲ್ಲಾರೂ ಹೂಂ ಅಂದ್ರು. ದಸ್ತಗೀರಸಾಬ ಮಾತ್ರ ಚಾದ ಗ್ಲಾಸು ಅಲ್ಲೇ ಇಟ್ಟು ಗಾಡಿ ಒರಸಾಕ ಎದ್ದ. ಅವರೆಲ್ಲಾ ಹೋದಮ್ಯಾಲೆ ನಾ ತಡೀಲಾರದಽ ಕೇಳಿದೆ, "ಅಲ್ಲೋ ಅಣ್ಣಾ, ಶಹರಬಾನೂನೂ ಅದಽ ಬಸ್ಸಿಗೆ ಹೋಗತಾಳಲ್ಲೋ?"

"ಒಂದೀಟು ತಡಾ ಆದ್ರ ಏನಾಗತೈತಿ ಬಿಡು ಸುನಂದಕ್ಕಾ" ಅಂದ.

ಮರುದಿನ ಬಸ್ ಹಾರನ್ ಹೊಡಕೋತ, ಧೂಳ ಎಬ್ಬಿಸಿಕೋತ ಹೋಗೇಬಿಡ್ತು. ಹೆಣ್ಮಕ್ಕಳು "ಹೋ, ಹೋ" ಅಂತ ಬೆನ್ನತ್ತಿ ಓಡಿದ್ರು. ಶಹರಬಾನು ಓಡಲಿಲ್ಲ. ಸೀದಾ ಬಂದು ಗಂಡನ ಗಾಡ್ಯಾಗ ಕುಂತ್ಲು. ವಿಜಯಮಹಾಂತೇಶ ನಕ್ಕ, "ಏನ್ ದಸ್ತಗೀರಣ್ಣಾ, ಹೇಣ್ತಿಗೆ ನೀನೂ ಫ್ರೀ ಬಿಡಾಂವೇನು?" ಎಲ್ಲಾರೂ ನಕ್ರು. ಆಕಿ ಇಪ್ಪತ್ತರ ನೋಟು ತಗದು ಗಂಡನ ಮುಂದ ಹಿಡಿದ್ಲು. ಅಂವ ಇಸಗೊಂಡ! ಕಣ್ಣಿಗೆ ಒತ್ಕೊಂಡು ಗ್ಲಾಸಿನ ಸಂದ್ಯಾಗ ಸಿಗಿಸಿದ. ಗಾಡಿ ತುಂಬಿತ್ತು, ಎಷ್ಟೋ ತಿಂಗಳಿಗೆ ಅವನ ದನಿ ಎದ್ದಿತ್ತು. ನನಗ ಮೈಯೆಲ್ಲಾ ಉರೀತು.

ಸಂಜೀಕ ಆಕಿ ನನ್ನ ಅಂಗಡಿ ಮುಂದ ಕುಸದು ಕುಂತ್ಲು. "ನಾ ಮುಟ್ಟೋದ್ರಾಗ ಶೆಡ್ಡಿನ ಗೇಟ್ ಹಾಕಿದ್ರಕ್ಕಾ. ಕಾಲಿಗೆ ಬೀಳೋದೊಂದು ಬಾಕಿ ಇತ್ತು. ನಾಳೆ ತಡಾ ಆದ್ರ ಬರಬ್ಯಾಡ, ನಿನ್ನ ಮಿಷನ್ನಿಗೆ ಬ್ಯಾರೇದಾಕಿ ಅದಾಳ ಅಂದ್ರು." ದಸ್ತಗೀರಸಾಬ ಅಲ್ಲೇ ಗಾಡಿ ಒರಸಾಕತ್ತಿದ್ದ. ಎಲ್ಲಾ ಕೇಳಿಸಿಕೊಂಡ. ಅವತ್ತ ಚಾ ಕುಡೀಲಿಲ್ಲ.

ಮರುದಿನ ಆಕಿ ಎಲ್ಲಾರಕಿಂತ ಮೊದಲ ಬಂದು ಡಾಂಬರಿನ ದಂಡಿಗೆ ನಿಂತಳು. ಬುತ್ತಿ ಡಬ್ಬಿ ಕಂಕಳಾಗಿತ್ತು. ತಿರುವಿನಾಗ ಬಸ್ ಕಾಣ್ತು. ಹೆಣ್ಮಕ್ಕಳು ಕೈ ಎತ್ತಿದ್ರು. ಬಸ್ ಜೋರ್ ಕಮ್ಮಿ ಮಾಡಲಿಲ್ಲ. ನನ್ನ ಒಲಿ ಮ್ಯಾಲಿನ ಹಾಲು ಉಕ್ಕಿ ಚೆಲ್ಲಾಕತ್ತಿದ್ರೂ ನನಗ ಖಬರಿಲ್ಲ. ಅಷ್ಟರಾಗ ದಸ್ತಗೀರಸಾಬನ ಟಂಟಂ ಚಾಲೂ ಆತು.

"ಏ, ಪಾಳಿ ನಂದೈತಿ!" ಅಂತ ವಿಜಯಮಹಾಂತೇಶ ಚೀರಿದ.

ದಸ್ತಗೀರಸಾಬ ತಿರುಗೀನೂ ನೋಡಲಿಲ್ಲ. ಗಾಡಿ ನಟ್ಟನಡುವ ರಸ್ತೆದಾಗ ತಂದು ಅಡ್ಡ ಹಚ್ಚಿದ. ಬಂದ್ ಮಾಡಿದ. ಚಾವಿ ತಗದು ಕಿಸೇದಾಗ ಹಾಕ್ಕೊಂಡು ಅಲ್ಲೇ ಕುಂತ. ಬಸ್ ಹಾರನ್ ಹೊಡಕೋತ ಬಂತು, ಬಂತು. ನಾ ಕಣ್ಣ ಮುಚ್ಚಿ "ಯಪ್ಪಾ ಬಸವಣ್ಣಾ, ಸತ್ತನಲ್ಲೋ" ಅಂತ ಚೀರಿದೆ. ಕಣ್ಣ ತಗದ್ರ, ಬಸ್ಸಿನ ಮಾರಿ ಅವನ ಮಗ್ಗಲದಾಗ ನಿಂತಿತ್ತು.

ಡ್ರೈವರ್ ಹೊರಗ ಬಗ್ಗಿ ಒದರಿದ, "ಏನ್ರೋ! ನಿಲ್ಲಸಬ್ಯಾಡ್ರಿ ಅಂದವರೂ ನೀವಽ, ಅಡ್ಡ ಹಾಕವರೂ ನೀವಽ ಏನು?"

ಎಲ್ಲಾ ಹೆಣ್ಮಕ್ಕಳಿಗೆ ಕೇಳ್ತು. ಶಹರಬಾನುನ ಒಂದು ಕಾಲು ಬಸ್ಸಿನ ಮೆಟ್ಟಲ ಮ್ಯಾಲಿತ್ತು. ಹೊಳ್ಳಿ ಗಂಡನ್ನ ನೋಡಿದ್ಲು. ಅಂವ ತೆಳಗ ನೋಡಿದ. "ಹತ್ತಬೇ ಯವ್ವಾ, ಲಗೂ" ಅಂತ ಕಂಡಕ್ಟರ್ ಗದರಿಸಿದ. ಆಕಿ ಹತ್ತಿದ್ಲು.

ದಸ್ತಗೀರಸಾಬ ಗಾಡಿ ಬಾಜೂಕ ಸರಿಸಿದ. ಬಸ್ ಹೋದಕೂಡ್ಲೆ ವಿಜಯಮಹಾಂತೇಶ ಬಂದ. "ನಿಂದು ಮುಗೀತು ನೋಡು. ಈ ಸ್ಟಾಪಿನಾಗ ನಿನಗ ಪಾಳಿ ಇಲ್ಲ." ದಸ್ತಗೀರಸಾಬ ಗಾಡಿ ತಳ್ಳಿಕೋತ ಒಯ್ದು ಬೇವಿನ ಗಿಡದ ಬುಡಕ ನಿಲ್ಲಿಸಿ ಸಂಜೀತನಕ ಅಲ್ಲೇ ಕುಂತ. ನಾ ಬೈಯೋದು ಬೈದೆ, ಚಾನೂ ಕೊಟ್ಟೆ.

ಸಂಜಿ ಬಸ್ಸಿನಿಂದ ಶಹರಬಾನು ಇಳದ್ಲು. "ನೌಕರಿ ಉಳೀತೇನಬೇ?" ಅಂದೆ. "ಉಳೀತಕ್ಕಾ" ಅಂದಾಕಿ ಸೀದಾ ಗಂಡನ ಹಂತೇಲಿ ಹೋದ್ಲು. ಮನ್ಯಾಗ ಅವರದು ಉರ್ದು ಮಾತು. ಅವತ್ತ ಕನ್ನಡದಾಗಽ ಕೇಳಿದ್ಲು, ಅಲ್ಲಿದ್ದ ಟಂಟಂದವರಿಗೆಲ್ಲಾ ತಿಳೀಲಿ ಅಂತ.

"ನಿನ್ನೆ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕಡಿಂದ ರೊಕ್ಕ ಇಸಗೊಂಡ್ರಿ."

ಅಂವ ಗ್ಲಾಸಿನ ಸಂದ್ಯಾಗ ಕೈ ಹಾಕಿದ. ಆ ಇಪ್ಪತ್ತರ ನೋಟು ಅಲ್ಲೇ ಇತ್ತು. ತಗದು ಆಕಿ ಮುಂದ ಹಿಡದ.

ಆಕಿ ಮುಟ್ಟಲಿಲ್ಲ. "ಇಟಗೋರಿ" ಅಂದ್ಲು. "ನಾಳೆ ನಿಮಗ ಬೋಣಿ ಆಗಂಗಿಲ್ಲ."